ಹಣೆಬರಹಕ್ಕೆ ಹೊಣೆ ಯಾರು?

ನಮ್ಮ ಮನೆಗಳಲ್ಲಿ ಕಷ್ಟವೊಂದು ಒದಗಿದಾಗ ಎರಡು ಗಾದೆಗಳು ಬೇಗನೆ ನಾಲಗೆಗೆ ಬರುತ್ತವೆ. “ಹಣೆಬರಹಕ್ಕೆ ಹೊಣೆ ಯಾರು” ಎಂಬುದು ಒಂದು. “ಮಾಡಿದ್ದುಣ್ಣೋ ಮಹಾರಾಯ” ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಸಾಮಾನ್ಯವಾಗಿ ನಮ್ಮ ಕಷ್ಟಕ್ಕೆ ಹೇಳಿಕೊಳ್ಳುತ್ತೇವೆ. ಎರಡನೆಯದನ್ನು ನೆರೆಯವರ ಕಷ್ಟಕ್ಕೆ ಹೇಳುತ್ತೇವೆ. ಒಂದರ ಪ್ರಕಾರ ಬಂದುದೆಲ್ಲ ಮೊದಲೇ ಬರೆದಿಟ್ಟದ್ದು. ಮತ್ತೊಂದರ ಪ್ರಕಾರ ಬಂದುದೆಲ್ಲ ಅನುಭವಿಸುವವನೇ ಮಾಡಿಕೊಂಡದ್ದು. ಇವು ಪರಸ್ಪರ ವಿರುದ್ಧವಾದ ಮಾತುಗಳು. ಆದರೂ ಒಂದು ವಿಷಯದಲ್ಲಿ ಎರಡಕ್ಕೂ ಒಡಂಬಡಿಕೆಯುಂಟು: ಇವುಗಳಲ್ಲಿ ಯಾವುದನ್ನು ಹೇಳಿದವನೂ ಆ ಬಳಿಕ ಎದ್ದು ಏನನ್ನೂ ಮಾಡಬೇಕಾಗಿಲ್ಲ.

ಗಾದೆಗಳು ಹಳೆಯವಾದರೂ ಇವಕ್ಕೆ ಈಗ ಹೊಸ ಉಡುಪು ಬಂದಿದೆ. ಹಣೆಯಲ್ಲಿ ಬರೆದಿದೆ ಎನ್ನುತ್ತಿದ್ದವರು ಈಗ ಜೀನಿನಲ್ಲಿ ಬರೆದಿದೆ ಎನ್ನುತ್ತಾರೆ. ಸಂಬಂಧ ಬೆಳಸಲು ಹೊರಟವರು ಜಾತಕವನ್ನು ಕೇಳುವುದರ ಜೊತೆಗೆ, ಆ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯುಂಟೆ, ಚಿತ್ತಭ್ರಮಣೆಯುಂಟೆ ಎಂದು ಗುಟ್ಟಾಗಿ ವಿಚಾರಿಸುತ್ತಾರೆ. “ತಾಯಿಯಂತೆ ಮಗಳು, ನೂಲಿನಂತೆ ಸೀರೆ” ಎಂಬ ಮೂರನೆಯ ಗಾದೆ ಅವರ ಬೆಂಬಲಕ್ಕೆ ನಿಲ್ಲುತ್ತದೆ. ಇತ್ತ, ರೋಗಿಯ ಮಂಚದ ಬಳಿ ಕುಳಿತು ಅವನು ಏನೇನು ತಿನ್ನಬಾರದಾಗಿತ್ತು, ಎಷ್ಟು ಹೊತ್ತಿಗೆ ಏಳಬೇಕಾಗಿತ್ತು ಎಂದು ಲೆಕ್ಕ ಒಪ್ಪಿಸುವವರೂ ಹೆಚ್ಚಿದ್ದಾರೆ. ಎರಡು ಪಕ್ಷದವರೂ ವಿಜ್ಞಾನವನ್ನೇ ಸಾಕ್ಷಿಗೆ ಕರೆಯುತ್ತಾರೆ. ಆದುದರಿಂದ ಆ ಸಾಕ್ಷಿ ನಿಜವಾಗಿ ಏನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದನ್ನು ವಿಚಾರಮಾಡುವುದು ಉಚಿತವಾಗಿದೆ. ಈ ವಿಚಾರಕ್ಕೆ ನಾವು ಬಹು ದೂರ ಹೋಗಬೇಕಾಗಿಲ್ಲ. ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಬರುವಾಗ ಬಲಕ್ಕೆ ಜಕ್ಕೂರು ಸಿಕ್ಕುತ್ತದೆ. ಅಲ್ಲಿನ ಕೆರೆಯನ್ನೂ ವಿಮಾನ ಹಾರಿಸಲು ಕಲಿಸುವ ಬಯಲನ್ನೂ ಬಲ್ಲವರು ಹಲವರು. ಅದೇ ಊರಿನಲ್ಲಿರುವ, ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹಿಸ್ಟೋನ್ ಎಂಬ ವಸ್ತುವನ್ನು ಕುರಿತ ಶೋಧನೆ ಅನೇಕ ವರ್ಷಗಳಿಂದ ನಡೆದಿದೆ. ಹಣೆಬರಹದ ಪ್ರಶ್ನೆಗೂ ಈ ಹಿಸ್ಟೋನಿಗೂ ಹತ್ತಿರದ ನಂಟುಂಟು.

ಆ ನಂಟು ತಿಳಿಯಬೇಕಾದರೆ ವಸ್ತುಸ್ಥಿತಿಯನ್ನು ಸ್ವಲ್ಪ ಅರಿಯಬೇಕು. ನಮ್ಮ ದೇಹದ ಒಂದೊಂದು ಜೀವಕೋಶದೊಳಗೂ ಡಿ.ಎನ್.ಎ. ಎಂಬ ನೂಲಿದೆ. ತಂದೆತಾಯಿಗಳಿಂದ ಬಂದ ಬರಹ ಇರುವುದು ಈ ನೂಲಿನಲ್ಲಿ. ಒಂದು ಕೋಶದೊಳಗಿನ ನೂಲನ್ನೆಲ್ಲ ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಸುಮಾರು ೨ ಮೀಟರು ಆಗುತ್ತದೆ. ಅದನ್ನು ಅಡಗಿಸಿಡಬೇಕಾದ ಕೋಶಕೇಂದ್ರವಾದರೋ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಕಿರಿದು. ಇಷ್ಟು ಉದ್ದದ ನೂಲು ಸಿಕ್ಕುಬೀಳದೆ ಅಷ್ಟು ಕಿರಿದಾದ ಎಡೆಯಲ್ಲಿರುವುದು ಹೇಗೆ? ನೇಯುವವರ ಮನೆಯಲ್ಲಿ ಹೇಗೋ ಹಾಗೆಯೇ: ನೂಲನ್ನು ಉಂಡೆಗಳಿಗೆ ಸುತ್ತಿರುತ್ತದೆ. ಆ ಉಂಡೆಗಳೇ ಹಿಸ್ಟೋನುಗಳು. ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಎಂಬ ವಿದ್ವಾಂಸರು ೧೮೮೪ರಲ್ಲಿ ಪಕ್ಷಿಯ ರಕ್ತಕಣಗಳಲ್ಲಿ ಈ ಪದಾರ್ಥವನ್ನು ಮೊದಲು ಕಂಡರು. ಎಂಟು ಹಿಸ್ಟೋನುಗಳು ಕೂಡಿ ಒಂದು ಉಂಡೆಯಾಗುವುದನ್ನು ೧೯೭೪ರಲ್ಲಿ ರಾಜರ್ ಕೋರ್ನ್‌ಬರ್ಗ್ ತಿಳಿಯಪಡಿಸಿದರು. ಬರಹದ ೧೪೭ ಅಕ್ಷರಗಳಷ್ಟು ಉದ್ದದ ನೂಲು ಒಂದು ಉಂಡೆಗೆ ಎರಡು ಸುತ್ತಿಗೆ ಸ್ವಲ್ಪ ಕಡಮೆಯಾಗಿ ಸುತ್ತಿಕೊಳ್ಳುತ್ತದೆ. ಮುಂದೆ ಇನ್ನೊಂದು ಉಂಡೆ, ಮತ್ತೊಂದು ಉಂಡೆ, ಹೀಗೆ ಕೋಟಿಗಟ್ಟಲೆ.

ಈ ಉಂಡೆ ಎಷ್ಟು ಹಳೆಯದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹಿಸ್ಟೋನುಗಳಲ್ಲಿ ಎಚ್-೪ ಎಂಬುದು ೧೦೨ ಕೊಂಡಿಗಳ ಒಂದು ಸರಪಣಿ. ಹಸುವಿನ ಕರುವಿನ ಎಚ್-೪ನ್ನೂ ಬಟಾಣಿ ಗಿಡದ ಎಚ್-೪ನ್ನೂ ೧೯೬೯ರಲ್ಲಿ ಹೋಲಿಸಿ ನೋಡಿದಾಗ ಅವೆರಡಕ್ಕೂ ಎರಡೇ ಕೊಂಡಿಗಳ ವ್ಯತ್ಯಾಸ ಕಂಡುಬಂತು. ಹಸುವಿನದಕ್ಕೂ ಮನುಷ್ಯನದಕ್ಕೂ ಅಷ್ಟೂ ವ್ಯತ್ಯಾಸವಿಲ್ಲ. ಕುಲಗೋತ್ರಗಳನ್ನು ಕೇಳಿ ಹೆಮ್ಮೆಪಡುವವರು ಈ ಸಂಗತಿಯನ್ನೂ ಒಮ್ಮೆ ನೆನೆಯುವುದು ಒಳ್ಳೆಯದು: ನಮ್ಮ ವಂಶದ ಬರಹವನ್ನು ಸುತ್ತಿಟ್ಟಿರುವ ಉಂಡೆ, ಕೊಟ್ಟಿಗೆಯ ಹಸುವಿಗೂ ಹಿತ್ತಿಲ ಬಟಾಣಿಗೂ ಹೆಚ್ಚು ಕಡಮೆ ಅದೇ.

ಇಷ್ಟೇ ಆಗಿದ್ದರೆ ಹಿಸ್ಟೋನು ಬರಿಯ ಮೂಟೆ ಕಟ್ಟುವ ಸಾಮಗ್ರಿಯಾಗುತ್ತಿತ್ತು. ಆದರೆ ಅದರ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಇರತಕ್ಕ ಬರಹ ಒಂದೇ. ಹಾಗಿದ್ದೂ ಕಣ್ಣು ಪಿತ್ತವನ್ನು ಸುರಿಸುವುದಿಲ್ಲ, ಯಕೃತ್ತು ಬೆಳಕನ್ನು ಕಾಣುವುದಿಲ್ಲ. ಕಾರಣವೇನೆಂದರೆ, ಸುತ್ತು ಬಿಗಿಯಾದ ಎಡೆಯಲ್ಲಿ ಬರಹ ಓದಿಗೆ ಸಿಕ್ಕದು. ಸಡಿಲವಾದ ಎಡೆಯಲ್ಲಿ ಸಿಕ್ಕೀತು. ಹಿಸ್ಟೋನುಗಳಿಗೆ ಉಂಡೆಯಿಂದ ಹೊರಕ್ಕೆ ಚಾಚಿದ ಬಾಲಗಳಿವೆ. ಆ ಬಾಲಗಳ ಮೇಲೆ ಸಣ್ಣ ಸಣ್ಣ ರಾಸಾಯನಿಕ ಗುರುತುಗಳು ಕೂಡುತ್ತವೆ, ಅಳಿಯುತ್ತವೆ. ಕೆಲವು ಗುರುತುಗಳಿಂದ ಸುತ್ತು ಸಡಿಲುತ್ತದೆ, ಕೆಲವುಗಳಿಂದ ಬಿಗಿಯುತ್ತದೆ. ಅಮೆರಿಕದ ವಿನ್ಸೆಂಟ್ ಆಲ್‌ಫ್ರೀ ಮತ್ತು ಅವರ ಸಂಗಡಿಗರು ೧೯೬೪ರಲ್ಲಿಯೇ ಇದರ ಸೂಚನೆಯನ್ನು ಕೊಟ್ಟರು. ಜಕ್ಕೂರಿನಲ್ಲಿ ತಪಸ್ ಕುಮಾರ್ ಕುಂಡು ಅವರೂ ಅವರ ಸಂಗಡಿಗರೂ ಈ ಗುರುತುಗಳನ್ನು ಹಾಕತಕ್ಕ ಪಿ-೩೦೦ ಎಂಬ ಕಿಣ್ವವನ್ನು ತಡೆಯುವ ವಸ್ತುಗಳನ್ನು ಹುಡುಕಿ, ೨೦೦೩ ಮತ್ತು ೨೦೦೪ರಲ್ಲಿ ಮೂರನ್ನು ಪ್ರಕಟಿಸಿದರು. ಅವು ದೊರೆತುದು ಎಲ್ಲಿ? ಗೇರುಬೀಜದ ಚಿಪ್ಪಿನ ಎಣ್ಣೆಯಲ್ಲಿ ಒಂದು, ಕರಾವಳಿಯವರು ಪುನರ್ಪುಳಿಯೆಂದೂ ಮಲೆನಾಡಿನವರು ಮುರುಗಲೆಂದೂ ಕರೆಯುವ ಹಣ್ಣಿನ ಸಿಪ್ಪೆಯಲ್ಲಿ ಒಂದು, ಅರಿಸಿನದಲ್ಲಿ ಒಂದು. ಇದನ್ನು ಕೇಳಿದೊಡನೆ ಅರಿಸಿನದ ಡಬ್ಬಿಯ ಕಡೆಗೆ ಕೈನೀಡುವುದು ಬೇಡ. ಪ್ರಯೋಗಶಾಲೆಯ ನಾಳದಲ್ಲಿ ಕಿಣ್ವವನ್ನು ತಡೆದುದು ಬೇರೆ, ಊಟದ ಎಲೆಯಿಂದ ರೋಗವನ್ನು ಗುಣಪಡಿಸುವುದು ಬೇರೆ. ನಮಗೆ ಇಲ್ಲಿ ಬೇಕಾದ ಮಾತು ಇಷ್ಟೆ: ಬರಹ ಮಾರ್ಪಡದೆ ಇದ್ದರೂ ಅದರ ಓದು ಮಾರ್ಪಡಬಲ್ಲುದು, ಆ ಮಾರ್ಪಾಟಿಗೆ ಹೊರಗಿನ ವಸ್ತುವೂ ಕಾರಣವಾಗಬಲ್ಲುದು.

ಹೀಗೆ ಮೊದಲನೆಯ ಗಾದೆಯ ಬಲ ಅರ್ಧಕ್ಕರ್ಧ ಇಳಿಯಿತು. ನೂಲಿನಂತೆ ಸೀರೆಯಾಗುವುದು ನಿಜವೇ ಇರಬಹುದು. ಆದರೆ ಒಂದೇ ನೂಲಿನಿಂದ ಬೇರೆ ಬೇರೆ ಸೀರೆಗಳಾಗುತ್ತವೆಂಬುದೂ ಅಷ್ಟೇ ನಿಜ. ವಂಶದ ಮಾತಿನಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಮೈಸೂರಿನಲ್ಲಿ ೧೯೪೮ರಲ್ಲಿ ಹುಟ್ಟಿ, ಜಕ್ಕೂರಿನ ಈ ಕೇಂದ್ರದ ಅಧ್ಯಕ್ಷರಾಗಿದ್ದು, ೨೦೨೩ರಲ್ಲಿ ತೀರಿಕೊಂಡ ಎಂ. ಆರ್. ಎಸ್. ರಾವ್ ಅವರು ತಮ್ಮ ಆಯುಷ್ಯದ ದೊಡ್ಡ ಪಾಲನ್ನು ಒಂದೇ ಪ್ರಶ್ನೆಗೆ ಮೀಸಲಿಟ್ಟರು: ತಂದೆಯ ಬೀಜ ಸಿದ್ಧವಾಗುವಾಗ ನೂಲಿನ ಸುತ್ತು ಏನಾಗುತ್ತದೆ? ಇಲಿಗಳಲ್ಲಿ ಅವರು ಇದನ್ನು ಪರೀಕ್ಷಿಸಿದರು. ಬೀಜಕೋಶಗಳಿಗೆಂದೇ ಮೀಸಲಾದ ಟಿ.ಎಚ್-೨ಬಿ ಎಂಬ ಒಂದು ಹಿಸ್ಟೋನು ಉಂಟು. ಮನುಷ್ಯನಲ್ಲಿ ಅದನ್ನು ಮಾಡುವ ಜೀನು ಆರನೆಯ ವರ್ಣತಂತುವಿನಲ್ಲಿ ಇತರ ಹಿಸ್ಟೋನು ಜೀನುಗಳ ನಡುವೆ ಇದೆ. ಆ ಹಿಸ್ಟೋನಿನ ಮೇಲೆ ಕೂಡುವ ಗುರುತುಗಳನ್ನು ರಾವ್ ಅವರ ಗುಂಪು ೨೦೧೪ರಲ್ಲಿ ಪಟ್ಟಿಮಾಡಿತು. ಬೀಜ ಬಲಿಯುತ್ತ ಬಂದಂತೆ ಹಿಸ್ಟೋನುಗಳು ಬಹುಮಟ್ಟಿಗೆ ಕಳಚಿಬೀಳುತ್ತವೆ. ಅವುಗಳ ಜಾಗಕ್ಕೆ ಸ್ವಲ್ಪ ಕಾಲ ಇರತಕ್ಕ ಪ್ರೋಟೀನುಗಳು ಬಂದು, ಕೊನೆಗೆ ಪ್ರೋಟಮೀನು ಎಂಬ ಬೇರೊಂದು ಪ್ರೋಟೀನು ಬಂದು, ನೂಲನ್ನು ಇನ್ನೂ ಬಿಗಿಯಾಗಿ ಕಟ್ಟುತ್ತದೆ. ಮನುಷ್ಯನ ಬೀಜದಲ್ಲಿ ಹಳೆಯ ಹಿಸ್ಟೋನುಗಳು ಉಳಿಯುವುದು ಶೇಕಡ ೫ರಿಂದ ೧೫ರಷ್ಟು ಎಡೆಯಲ್ಲಿ ಮಾತ್ರ ಎಂದು ಎಣಿಸಿದ್ದಾರೆ. ಗರ್ಭಧಾರಣೆಯಾದ ಮೇಲೆ ಆ ಪ್ರೋಟಮೀನೂ ಉದುರಿಹೋಗುತ್ತದೆ. ತಂದೆಯ ನೂಲು ತಾಯಿಯ ಅಂಡದಲ್ಲಿ ಕೂಡಿಟ್ಟಿರುವ ಹೊಸ ಹಿಸ್ಟೋನುಗಳ ಮೇಲೆ ಮತ್ತೆ ಸುತ್ತಿಕೊಳ್ಳುತ್ತದೆ. ತಂದೆಯ ಬರಹಕ್ಕೂ ಮೊದಲ ಉಂಡೆಯನ್ನು ಕೊಡುವವಳು ತಾಯಿ.

ಆದುದರಿಂದ, ತಂದೆ ತನ್ನ ಬಾಳಿನಲ್ಲಿ ಸೇರಿಸಿಕೊಂಡ ಗುರುತುಗಳಲ್ಲಿ ಬಹುಪಾಲನ್ನು ಪ್ರಕೃತಿ ಹೊಸ್ತಿಲಲ್ಲಿಯೇ ಅಳಿಸುತ್ತದೆ. ಎಲ್ಲವನ್ನೂ ಅಳಿಸುತ್ತದೆಂದು ಹೇಳಲಾಗದು. ಉಳಿದ ಅಲ್ಪಭಾಗದ ಅರ್ಥವೇನೆಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಅಜ್ಜ ಕುಡುಕನಾಗಿದ್ದನೆಂಬ ಕಾರಣಕ್ಕೆ ಮೊಮ್ಮಗನನ್ನು ಸಂಶಯದಿಂದ ಕಾಣುವ ನಾವು, ಈ ವಿಷಯದಲ್ಲಿ ಪ್ರಕೃತಿಗಿಂತ ಹೆಚ್ಚು ಕಠೋರರೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. “ಬರಹದ ಓದನ್ನು ಹಿಸ್ಟೋನು ನಿಯಮಿಸುತ್ತದೆಂದಿರಿ. ಆ ಹಿಸ್ಟೋನನ್ನು ಮಾಡತಕ್ಕ ವಿಧಿಯಾದರೂ ಎಲ್ಲಿದೆ? ಅದೇ ಬರಹದಲ್ಲಿಯೇ ಅಲ್ಲವೆ? ಉಂಡೆಯ ಮೇಲೆ ಗುರುತು ಹಾಕುವ ಕಿಣ್ವವನ್ನು ಮಾಡುವುದೂ ಆ ಬರಹವೇ. ಆದ್ದರಿಂದ ಓದೂ ಹಣೆಬರಹದೊಳಗೆ ಅಡಕವಾಯಿತು, ಸ್ವಾತಂತ್ರ್ಯವೆಲ್ಲಿ?” ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಹಿಸ್ಟೋನಿನ ಜೀನು ಹಿಸ್ಟೋನಿನ ಮೇಲೆಯೇ ಸುತ್ತಿಕೊಂಡಿರುವುದು ನಿಜ. ಬೀಜ ಮೊದಲೋ ಮರ ಮೊದಲೋ ಎಂಬ ಹಳೆಯ ನ್ಯಾಯ ಇಲ್ಲಿ ಕೋಶದೊಳಗೇ ಕುಳಿತಿದೆ. ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯವುಂಟೆಂಬುದನ್ನು ಹಿಸ್ಟೋನಿನಿಂದ ಸಾಧಿಸಹೊರಡುವುದು ಮರಳಿನಿಂದ ಎಣ್ಣೆ ಹಿಂಡಿದಂತೆ. ಕೋಶಕ್ಕೆ ಸಂಕಲ್ಪವಿಲ್ಲ, ಅದು ತನಗೆ ಒದಗಿದ ಊಟ, ಉಪವಾಸ, ತಾಪ, ವಿಷ ಇವುಗಳಿಗೆ ಉತ್ತರಕೊಡುತ್ತದೆ, ಅಷ್ಟೆ. ಆದರೆ ಪೂರ್ವಪಕ್ಷದವರು ಮರೆತ ಮಾತು ಈ ಉತ್ತರದಲ್ಲಿಯೇ ಇದೆ. ಊಟ ಬರಹದಲ್ಲಿಲ್ಲ, ಉಪವಾಸವೂ ಬರಹದಲ್ಲಿಲ್ಲ. ಅವು ಹೊರಗಿನಿಂದ ಬರತಕ್ಕವು. ಬಹುಮಟ್ಟಿಗೆ ಬೇರೆಯವರ ಕೈಯಿಂದ ಬರತಕ್ಕವು. ಹಣೆಬರಹವೆಂಬ ಕಾಗದದಲ್ಲಿ ನೆರೆಹೊರೆಯವರು ತುಂಬಬೇಕಾದ ಜಾಗ ಬಹಳ ಇದೆ ಎಂದಾಯಿತು.

ಹಾಗಾದರೆ ಎರಡನೆಯ ಗಾದೆಯ ಪಕ್ಷ ಗೆದ್ದಿತೆ? ಓದು ಬದಲಾಗುವುದಾದರೆ, ಕೆಟ್ಟ ಓದಿಗೆ ಓದಿಸಿಕೊಂಡವನೇ ಕಾರಣನೆ? ಇದಕ್ಕೆ ಉತ್ತರವಾಗಿ ಒಂದು ಕಠಿಣವಾದ ಸಂಗತಿಯನ್ನು ಹೇಳಬೇಕಾಗಿದೆ. ಮಿದುಳಿನ ಬುಡದಲ್ಲಿ ಹುಟ್ಟುವ ಒಂದು ಬಗೆಯ ಗಡ್ಡೆ ಹೆಚ್ಚಾಗಿ ಎಳೆಯ ಮಕ್ಕಳಿಗೆ ಬರುತ್ತದೆ. ಶಸ್ತ್ರದಿಂದ ಅದನ್ನು ತೆಗೆಯಲಾಗದು. ಅದು ಬಂದ ಮಕ್ಕಳಲ್ಲಿ ಬಹುಪಾಲು ಕೆಲವೇ ವರ್ಷಗಳೊಳಗೆ ಕಳೆದುಹೋಗುತ್ತಾರೆ. ಇಂತಹ ಗಡ್ಡೆಗಳಲ್ಲಿ ಬಹಳವುಗಳೊಳಗೆ ಎಚ್-೩ ಎಂಬ ಹಿಸ್ಟೋನಿನ ಜೀನು ಕೆಟ್ಟಿರುವುದು ೨೦೧೨ರಲ್ಲಿ ತಿಳಿದುಬಂತು. ಕೆಟ್ಟಿರುವುದಾದರೂ ಎಷ್ಟು? ಒಂದೇ ಒಂದು ಅಕ್ಷರ. ಅದರಿಂದ ಸರಪಣಿಯ ೨೭ನೆಯ ಕೊಂಡಿ ಬೇರೆಯಾಗುತ್ತದೆ. ಅಲ್ಲಿ ಕೂಡಬೇಕಾದ ಗುರುತು ಕೂಡುವುದಿಲ್ಲ. ಕೆಟ್ಟ ಹಿಸ್ಟೋನು ಕೋಶದಲ್ಲಿರುವ ಒಳ್ಳೆಯ ಹಿಸ್ಟೋನುಗಳ ಮೇಲೂ ಆ ಗುರುತು ಕೂಡದಂತೆ ತಡೆಯುತ್ತದೆ. ಮುಚ್ಚಿರಬೇಕಾದ ಬರಹ ತೆರೆಯುತ್ತದೆ. ಕೋಶಗಳು ಎಲ್ಲೆ ಮೀರಿ ಬೆಳೆಯುತ್ತವೆ. ಈ ಅಕ್ಷರದೋಷ ಸಾಮಾನ್ಯವಾಗಿ ತಂದೆತಾಯಿಗಳಿಂದ ಬಂದುದಲ್ಲ. ಮಗುವಿನ ಮಿದುಳಿನ ಒಂದು ಕೋಶದಲ್ಲಿ, ಬೆಳವಣಿಗೆಯ ಸಮಯದಲ್ಲಿ, ನಕಲು ತೆಗೆಯುವಾಗ ಆದ ಕೈತಪ್ಪಿನಂತೆ ಅದು ಸಂಭವಿಸುತ್ತದೆ.

ಆ ಮಗುವಿನ ಮುಂದೆ ನಿಂತು ಯಾವ ಗಾದೆಯನ್ನು ಹೇಳೋಣ? ವಂಶದ ಬರಹವೆನ್ನುವಂತಿಲ್ಲ, ವಂಶದಲ್ಲಿ ಅದಿರಲಿಲ್ಲ. ಮಾಡಿದ್ದುಣ್ಣು ಎನ್ನುವಂತಿಲ್ಲ, ಆರು ವರ್ಷದ ಮಗು ಮಾಡಿದ್ದೇನು? ಜನ್ಮಾಂತರದ ಕರ್ಮವೆಂದು ಕೆಲವರು ಹೇಳಬಹುದು. ಕರ್ಮಸಿದ್ಧಾಂತವನ್ನು ನಂಬುವವರೊಡನೆ ಇಲ್ಲಿ ವಾದಕ್ಕೆ ನಿಲ್ಲುವ ಉದ್ದೇಶವಿಲ್ಲ. ಆದರೆ ಆ ಸಿದ್ಧಾಂತ ನಮ್ಮ ಹಿರಿಯರಲ್ಲಿ ಉತ್ತಮರಾದವರಿಗೆ ತಮ್ಮ ನಡತೆಯನ್ನು ತಿದ್ದಿಕೊಳ್ಳುವ ಸಾಧನವಾಗಿತ್ತೇ ಹೊರತು ಪರರ ಮಗುವಿನ ಮೇಲೆ ತೀರ್ಪು ಬರೆಯುವ ಲೇಖನಿಯಾಗಿರಲಿಲ್ಲ. ನನ್ನ ಕಷ್ಟಕ್ಕೆ ನಾನು ಕರ್ಮವೆಂದುಕೊಂಡರೆ ಅದು ತಾಳ್ಮೆ. ನಿನ್ನ ಕಷ್ಟಕ್ಕೆ ನಾನು ಕರ್ಮವೆಂದರೆ ಅದು ಕ್ರೌರ್ಯ. ಮಾತು ಒಂದೇ ಆದರೂ ಆಡುವ ಬಾಯಿಗೆ ತಕ್ಕಂತೆ ಅದರ ನೀತಿ ಬೇರೆ.

ಇನ್ನು ಮೂರನೆಯ ನಿದರ್ಶನವನ್ನು ನಮ್ಮ ಮೈಸೂರಿನಿಂದಲೇ ಕೊಡಬಹುದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕವನ್ನು ಬರೆದಿಡುತ್ತಿದ್ದರು. ಆ ಪುಸ್ತಕಗಳು ಹಾಳಾಗದೆ ಉಳಿದವು. ೧೯೩೪ರಿಂದ ೧೯೫೪ರ ವರೆಗೆ ಅಲ್ಲಿ ಹುಟ್ಟಿದವರಲ್ಲಿ ೫೧೭ ಮಂದಿಯನ್ನು ಹುಡುಕಿ ಪರೀಕ್ಷಿಸಿದ ಫಲ ೧೯೯೬ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋಗ್ರಾಮು ಅಥವಾ ಅದಕ್ಕಿಂತ ಕಡಮೆ ತೂಗಿದ್ದವರ ಪೈಕಿ ಶೇಕಡ ೧೧ ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಮೂರು ಕಿಲೋಗ್ರಾಮಿಗೆ ಮೇಲ್ಪಟ್ಟು ತೂಗಿದ್ದವರಲ್ಲಿ ಅದು ಶೇಕಡ ೩ ಮಾತ್ರ. ಬಸುರಿನಲ್ಲಿ ತೂಕ ಕಡಮೆಯಿದ್ದ ತಾಯಂದಿರ ಮಕ್ಕಳಿಗೆ ರೋಗ ಹೆಚ್ಚಾಗಿತ್ತು. ಇದಕ್ಕೆ ಹಿಸ್ಟೋನಿನ ಗುರುತುಗಳೇ ಕಾರಣವೆಂದು ಆ ಶೋಧನೆ ಹೇಳಲಿಲ್ಲ; ಹೇಳಲು ಹೊರಟದ್ದೂ ಅಲ್ಲ. ಆದರೆ ಬೇರೆಡೆಗಳಲ್ಲಿ ಬಸುರಿ ಇಲಿಗಳಿಗೆ ಸತ್ತ್ವ ಕಡಮೆಯಾದ ಮೇವು ಕೊಟ್ಟಾಗ, ಮರಿಗಳ ಯಕೃತ್ತಿನ ಹಿಸ್ಟೋನುಗಳಲ್ಲಿ ಗುರುತುಗಳು ಮಾರ್ಪಟ್ಟಿರುವುದು ಕಂಡುಬಂದಿದೆ. ಹೊಟ್ಟೆಗೆ ಸಾಲದೆ ಹೋದುದರ ನೆನಪು ಮೈಯಲ್ಲಿ ದೀರ್ಘಕಾಲ ಉಳಿಯಬಲ್ಲುದೆಂಬುದಂತೂ ಸ್ಪಷ್ಟ.

ಈ ಮಾತನ್ನು ಕೇಳಿದೊಡನೆ ಲೋಕ ಮಾಡುವ ಮೊದಲ ಕೆಲಸ ಯಾವುದೆಂಬುದನ್ನು ಊಹಿಸಬಹುದು: ತಾಯಿಯ ಮೇಲೆ ದೂರು ಹೊರಿಸುವುದು. ಮೊದಲು ಆಕೆಯ ವಂಶವನ್ನು ದೂರುತ್ತಿದ್ದರು, ಈಗ ಆಕೆಯ ಬಸುರನ್ನು ದೂರುತ್ತಾರೆ. ಆದರೆ ಆ ತಾಯಂದಿರು ತೂಕ ಕಡಮೆಯಿದ್ದುದು ಯಾರ ತಪ್ಪು? ಮನೆಯವರೆಲ್ಲ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದುದನ್ನು ಉಣ್ಣುವುದು ಸೊಸೆಯ ಧರ್ಮವೆಂದು ವಿಧಿಸಿದವರು ಯಾರು? ಆ ಸೊಸೆ ತಾನೇ ಹಸಿವನ್ನು ಆರಿಸಿಕೊಳ್ಳಲಿಲ್ಲ. ಅವಳ ಹಸಿವು ಅವಳ ಜೀನಿನದೂ ಅಲ್ಲ, ಅವಳ ನಡತೆಯದೂ ಅಲ್ಲ. ಅದು ಬಡತನದ ಫಲ, ಬಡತನವಿಲ್ಲದ ಮನೆಗಳಲ್ಲಿ ಪಂಕ್ತಿಯ ಕ್ರಮದ ಫಲ. ನಾವು ಹುಡುಕುತ್ತಿದ್ದ ಮೂರನೆಯ ಪಕ್ಷ ಇದು. ಬಂದ ಬರಹವೂ ಅಲ್ಲ, ಮಾಡಿದ ಕರ್ಮವೂ ಅಲ್ಲ; ಒಬ್ಬರ ಬರಹವನ್ನು ಮತ್ತೊಬ್ಬರ ನಡತೆ ಓದಿಸುತ್ತದೆ.

ಈಗ ಮೊದಲನೆಯ ಗಾದೆಯನ್ನು ಮತ್ತೊಮ್ಮೆ ಕೇಳಿನೋಡೋಣ. “ಹಣೆಬರಹಕ್ಕೆ ಹೊಣೆ ಯಾರು?” ಇದನ್ನು ನಾವು “ಯಾರೂ ಅಲ್ಲ” ಎಂಬ ಉತ್ತರವನ್ನು ಒಳಗಿಟ್ಟುಕೊಂಡೇ ಆಡುತ್ತೇವೆ. ಆದರೆ ಹೊಣೆ ಎಂಬ ಮಾತಿನ ಅರ್ಥವೇನು? ನಮ್ಮ ಹಳ್ಳಿಗಳಲ್ಲಿ ಒಬ್ಬನು ಸಾಲ ಎತ್ತುವಾಗ ಇನ್ನೊಬ್ಬನು ಅವನಿಗೆ ಹೊಣೆ ನಿಲ್ಲುತ್ತಾನೆ. ಹೊಣೆ ನಿಂತವನು ಸಾಲಗಾರನಲ್ಲ. ಆ ಹಣ ಅವನ ಕೈಗೆ ಬಂದಿಲ್ಲ. ಅದರಿಂದ ಅವನು ಕಾಳು ಕೊಂಡಿಲ್ಲ, ಮದುವೆ ಮಾಡಿಲ್ಲ. ಆದರೂ ಸಾಲಗಾರನಿಗೆ ತೀರಿಸಲಾಗದೆ ಹೋದರೆ ತಾನು ಮುಂದೆ ಬರುತ್ತೇನೆಂದು ಹತ್ತು ಮಂದಿಯೆದುರು ಹೇಳಿರುತ್ತಾನೆ. ತಪ್ಪಿಲ್ಲದೆ ಭಾರ ಹೊರುವುದಕ್ಕೇ ಹೊಣೆಯೆಂದು ಹೆಸರು. ತಪ್ಪಿತಸ್ಥನನ್ನು ಹುಡುಕುವುದು ಬೇರೆ, ಹೊಣೆಗಾರನನ್ನು ಹುಡುಕುವುದು ಬೇರೆ. ನಮ್ಮ ಎರಡು ಗಾದೆಗಳೂ ಇವೆರಡನ್ನು ಒಂದೆಂದು ಭಾವಿಸಿವೆ. ಮೊದಲನೆಯದು, ತಪ್ಪು ಯಾರದೂ ಅಲ್ಲವಾದುದರಿಂದ ಹೊಣೆ ಯಾರೂ ಇಲ್ಲವೆನ್ನುತ್ತದೆ. ಎರಡನೆಯದು, ತಪ್ಪು ಅನುಭವಿಸುವವನದೇ ಆದುದರಿಂದ ಹೊಣೆಯೂ ಅವನೊಬ್ಬನೇ ಎನ್ನುತ್ತದೆ.

ಹಿಸ್ಟೋನು ನಮಗೆ ನೀತಿಯನ್ನು ಬೋಧಿಸುವುದಿಲ್ಲ. ಯಾವ ಪ್ರೋಟೀನೂ ಬೋಧಿಸಲಾರದು. ಆದರೆ ನಮ್ಮ ನೆವಗಳನ್ನು ಅದು ಕಸಿದುಕೊಳ್ಳಬಲ್ಲುದು. ಬರಹವೇ ಸರ್ವಸ್ವವೆಂದು ಇನ್ನು ನಾವು ಹೇಳುವಂತಿಲ್ಲ, ಒಂದೇ ಬರಹ ಹತ್ತು ಬಗೆಯಾಗಿ ಓದಿಸಿಕೊಳ್ಳುವುದನ್ನು ಕಂಡಿದ್ದೇವೆ. ಎಲ್ಲವೂ ಸ್ವಂತ ಕೃತ್ಯದ ಫಲವೆಂದೂ ಹೇಳುವಂತಿಲ್ಲ, ಒಂದು ಅಕ್ಷರ ತಾನಾಗಿ ತಪ್ಪಿ ಮಗುವೊಂದು ಸಾಯುವುದನ್ನು ಕಂಡಿದ್ದೇವೆ. ಈ ಎರಡು ನೆವಗಳೂ ಹೋದ ಮೇಲೆ ಉಳಿಯುವುದು ಬಹಳ ಹಳೆಯ, ಬಹಳ ಸಾಮಾನ್ಯವಾದ ಕರ್ತವ್ಯಗಳು. ಸಂಬಂಧ ಕೇಳಲು ಹೋದಾಗ ಆ ಮನೆಯ ರೋಗಗಳ ಪಟ್ಟಿಗಿಂತ ಆ ಹುಡುಗಿಯನ್ನು ಕಾಣುವುದು. ರೋಗಿಯ ಬಳಿ ಕುಳಿತಾಗ ಕಾರಣಗಳ ಲೆಕ್ಕವನ್ನು ಬಿಟ್ಟು, ಇವತ್ತು ಏನು ಬೇಕು ಎಂದು ಕೇಳುವುದು. ತಾನು ಮಾಡಬಹುದಾದ ಪಥ್ಯವನ್ನು ಪ್ರತಿಯೊಬ್ಬನೂ ಮಾಡುವುದು, ಮಾಡಿಯೂ ಬಿದ್ದವನನ್ನು ಹಂಗಿಸದಿರುವುದು. ಬಸುರಿ ಸೊಸೆಗೆ ಮೊದಲ ಪಂಕ್ತಿಯಲ್ಲಿ ಬಡಿಸುವುದು. ಊಟವೇ ಇಲ್ಲದ ಮನೆಯ ಬಸುರಿಗೆ ಊರು ಬಡಿಸುವುದು.

ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಾಗಿರಲಿಲ್ಲವಲ್ಲ ಎಂದು ವಾಚಕರು ಕೇಳಬಹುದು. ನಿಜ, ಬೇಕಾಗಿರಲಿಲ್ಲ. ಹಸಿದವರಿಗೆ ಅನ್ನವಿಕ್ಕಿದ ನಮ್ಮ ಅಜ್ಜಿಯರು ಹಿಸ್ಟೋನಿನ ಹೆಸರನ್ನು ಕೇಳಿರಲಿಲ್ಲ. ಆದರೆ ಅನ್ನವಿಕ್ಕದೆ ಗಾದೆ ಹೇಳಿ ಕಳುಹಿಸಿದವರೂ ಎಲ್ಲ ಕಾಲದಲ್ಲಿಯೂ ಇದ್ದರು, ಈಗ ಅವರು ಗಾದೆಗೆ ಬದಲಾಗಿ ವಿಜ್ಞಾನವನ್ನು ಹೇಳಿ ಕಳುಹಿಸುತ್ತಿದ್ದಾರೆ. ಅವರಿಗೆ ಉತ್ತರ ಕೊಡಬೇಕಾದಾಗ ಈ ಸಂಗತಿಗಳು ತಿಳಿದಿರುವುದು ಒಳ್ಳೆಯದು. ಹಣೆಬರಹಕ್ಕೆ ಹೊಣೆ ಯಾರು ಎಂದು ಯಾರಾದರೂ ಕೇಳಿದರೆ, ಆ ಹಣೆಯ ಹತ್ತಿರದಲ್ಲಿ ಇರತಕ್ಕವರು ಎಂದು ಹೇಳಬಹುದು.